ನವಲಗುಂದದ ಲೆವಿ, ಜಯನಗರದ ಸೈಟು

ಪ್ರತಿ ಏಪ್ರಿಲ್‌ನಲ್ಲಿ ನನಗೊಂದು ಸಂಬಳವಿಲ್ಲದ ಕೆಲಸ ಇರುತ್ತದೆ. ನಾನು ಬಾಡಿಗೆಗಿರುವ ಮನೆಯ ಓನರ್‌ಗೆ ಆಸ್ತಿ ತೆರಿಗೆ ಕಟ್ಟಿಕೊಡುವುದು. ಜಯನಗರ 9ನೇ ಬ್ಲಾಕಿನಲ್ಲಿ, ರಾಗಿಗುಡ್ಡದ ಆಂಜನೇಯನ ಗುಡಿಗೆ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿದೆ ಮನೆ. ಕೆಳಗೆ ಅವರು, ಮೇಲೆ ನಾವು. ಅವರಿಗೆ ಎಪ್ಪತ್ತು ದಾಟಿದೆ. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಲೆಕ್ಕದಲ್ಲಿ ನನಗಿಂತ ಚುರುಕು, ಆದರೆ ಓಟಿಪಿ ಅಂದರೆ ಕೈ ನಡುಗುತ್ತದೆ. ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದಲ್ಲ, ಅದನ್ನು ಬಿಡುವ ಆಸಾಮಿ ಅಲ್ಲ.

ಅವರ ಹತ್ತಿರ ಒಂದು ಹಳೇ ಫೈಲು ಇದೆ. ಅದರಲ್ಲಿ ತಂದೆಯ ಹೆಸರಿಗೆ ಸಿಐಟಿಬಿ ಕೊಟ್ಟ ಹಂಚಿಕೆ ಪತ್ರದಿಂದ ಹಿಡಿದು ಕಳೆದ ವರ್ಷದ ರಸೀದಿಯವರೆಗೆ ಎಲ್ಲ ಉಂಟು. 2008ರಲ್ಲಿ ಹೊಸ ತೆರಿಗೆ ಪದ್ಧತಿ ಬಂದಾಗ ಅವರೇ ಕೈಯಲ್ಲಿ ಹಾಕಿದ ಲೆಕ್ಕದ ಹಾಳೆಯೂ ಇದೆ. ಆ ಹಾಳೆಯಲ್ಲಿ ಒಂದು ಸಾಲು: ಸವಕಳಿ. ಅಂದರೆ ಕಟ್ಟಡ ಹಳೆಯದಾದಷ್ಟೂ ತೆರಿಗೆಯಲ್ಲಿ ಕಡಿತ. ಅದನ್ನು ಬೆರಳಿಟ್ಟು ತೋರಿಸಿ ಹೇಳಿದ್ದರು, "ನೋಡಿ, ಈ ಊರಲ್ಲಿ ವಯಸ್ಸಾದವರಿಗೆ ಮರ್ಯಾದೆ ಕೊಡೋದು ಇದೊಂದೇ."

2025ರ ಆಗಸ್ಟ್ 10ರಂದು ಹಳದಿ ಮೆಟ್ರೋ ಉದ್ಘಾಟನೆ ಆಯ್ತು. ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ, ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್ ದಾಟಿ ಬೊಮ್ಮಸಂದ್ರದವರೆಗೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಯುಷ್ಯ ಕಳೆದ ನನ್ನಂಥವರಿಗೆ ಅದು ಹಬ್ಬವೇ. ಆ ವರ್ಷದ ಕೊನೆಗೆ ಬಾಡಿಗೆ ಅಗ್ರಿಮೆಂಟ್ ಮುಗಿಯುತ್ತಿತ್ತು. ಓನರ್ ಕಾಫಿಗೆ ಕರೆದರು. ಕಾಫಿಗೆ ಕರೆದಾಗಲೇ ನನಗೆ ಅರ್ಥವಾಯ್ತು. "22 ಇರೋದನ್ನ 27 ಮಾಡೋಣ. ಮೆಟ್ರೋ ಬಂತಲ್ರೀ, ಏರಿಯಾ ರೇಟೇ ಬೇರೆ ಆಗಿದೆ."

ನಾನು ತಕರಾರು ಮಾಡಲಿಲ್ಲ. ಹೇಳಿದ್ದು ನಿಜ. ಆದರೆ ಮೇಲೆ ಬಂದು ಕೂತಾಗ ಒಂದು ಲೆಕ್ಕ ತಲೆಯಲ್ಲಿ ತಿರುಗತೊಡಗಿತು. ಮೆಟ್ರೋ ಕಟ್ಟಿದ್ದು ಸರ್ಕಾರದ ದುಡ್ಡಲ್ಲಿ, ಸಾಲದಲ್ಲಿ. ಅದರಿಂದ ಈ ಮನೆಯ ಬೆಲೆ ಏರಿತು. ಏರಿದ ಬೆಲೆಯ ಮೇಲೆ ತಿಂಗಳಿಗೆ 5,000 ಹೆಚ್ಚು ಕೊಡುವವನು ನಾನು. ಅದೇ ಮನೆಗೆ ನಾನೇ ಏಪ್ರಿಲ್‌ನಲ್ಲಿ ಕಟ್ಟಿದ ಆಸ್ತಿ ತೆರಿಗೆ ಮಾತ್ರ ಮೆಟ್ರೋ ಬಂದರೂ ಬರದಿದ್ದರೂ ಅಷ್ಟೇ. ಮೆಟ್ರೋದಿಂದ ಹುಟ್ಟಿದ ಹಣ ಮೆಟ್ರೋ ಕಟ್ಟಿದವರನ್ನು ಮುಟ್ಟುವ ದಾರಿಯೇ ಇಲ್ಲ.

ಇದಕ್ಕೆ ಅಮೆರಿಕದಲ್ಲಿ ಒಂದು ದಾರಿ ಹುಡುಕಿದ್ದಾರೆ. ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್ ಅಂತ ಹೆಸರು, ಚುಟುಕಾಗಿ ಟಿಫ್. ಒಂದು ಪೇಟೆ ಬೀದಿ ಹಾಳು ಬಿದ್ದಿದೆ ಅಂದುಕೊಳ್ಳಿ. ನಗರಸಭೆ ಅದರ ಸುತ್ತ ನಕ್ಷೆಯಲ್ಲಿ ಗೆರೆ ಎಳೆಯುತ್ತದೆ. ಆ ವರ್ಷ ಅಲ್ಲಿಂದ ಬರುವ ಆಸ್ತಿ ತೆರಿಗೆ ಒಂದು ಕೋಟಿ ಅನ್ನಿ, ಅದನ್ನು ಬರೆದಿಡುತ್ತದೆ. ಆಮೇಲೆ ಸಾಲ ತಂದು ರಸ್ತೆ, ಚರಂಡಿ, ದೀಪ ಮಾಡುತ್ತದೆ. ಅಂಗಡಿಗಳು ಬರುತ್ತವೆ, ಬೆಲೆ ಏರುತ್ತದೆ, ದರ ಏರಿಸದೆಯೇ ತೆರಿಗೆ ಒಂದು ಕೋಟಿ ಅರವತ್ತು ಲಕ್ಷಕ್ಕೆ ಹೋಗುತ್ತದೆ. ಹಳೇ ಒಂದು ಕೋಟಿ ಎಂದಿನಂತೆ ಬೊಕ್ಕಸಕ್ಕೆ. ಮೇಲಿನ ಅರವತ್ತು ಲಕ್ಷ ಬೇರೆ ಡಬ್ಬಿಗೆ. ಸಾಲ ತೀರುವುದು ಆ ಡಬ್ಬಿಯಿಂದ. ಕ್ಯಾಲಿಫೋರ್ನಿಯಾ 1952ರಲ್ಲಿ ಶುರುಮಾಡಿತು. ಶಿಕಾಗೋ ಇರುವ ಇಲಿನಾಯ್ ರಾಜ್ಯ 1977ರಲ್ಲಿ ಕಾಯ್ದೆ ಮಾಡಿ, ಆ ಡಬ್ಬಿಗೆ 23 ವರ್ಷದ ಆಯುಷ್ಯ ಕೊಟ್ಟಿತು.

ಓದಿದಾಗ ನನಗೆ ಇದು ಹೊಸದು ಅನ್ನಿಸಲಿಲ್ಲ. "ಸರ್ಕಾರ ಮಾಡಿದ ಕೆಲಸದಿಂದ ನಿನ್ನ ನೆಲದ ಬೆಲೆ ಏರಿದೆ, ಅದರಲ್ಲೊಂದು ಪಾಲು ಕೊಡು" ಎಂಬ ಮಾತನ್ನು ನಾನು ಚಿಕ್ಕಂದಿನಲ್ಲಿ ಕೇಳಿ ಬೆಳೆದವನು. ಯಾಕಂದರೆ ನನ್ನದು ನವಲಗುಂದ ತಾಲೂಕು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಅಣೆಕಟ್ಟು ಕಟ್ಟಿದರು. ಎಪ್ಪತ್ತರ ದಶಕದಲ್ಲಿ ಕಾಲುವೆಗಳು ನರಗುಂದ, ನವಲಗುಂದದ ಎರಿ ಹೊಲಗಳ ಕಡೆ ಬಂದವು. ಅಲ್ಲಿಯವರೆಗೆ ಮಳೆ ನಂಬಿ ಜೋಳ, ಹತ್ತಿ, ಗೋಧಿ ಬೆಳೆಯುತ್ತಿದ್ದ ನೆಲ ಅದು. ನೀರಾವರಿ ಬಂದರೆ ಹೊಲದ ಬೆಲೆ ಏರುತ್ತದೆ, ಏರಿದ್ದರಲ್ಲಿ ಒಂದು ಪಾಲನ್ನು ರೈತ ಸರ್ಕಾರಕ್ಕೆ ಕೊಡಬೇಕು ಅಂತ 1957ರಲ್ಲೇ ಕಾಯ್ದೆ ಆಗಿತ್ತು. ಸುಧಾರಣಾ ವಂತಿಗೆ ಅಂತ ಕಾಗದದಲ್ಲಿ. ನಮ್ಮ ಕಡೆ ಯಾರೂ ಹಾಗನ್ನುವುದಿಲ್ಲ. ಬೆಟರ್ಮೆಂಟ್ ಲೆವಿ, ಅದೂ ಬರೀ "ಲೆವಿ".

ನಮ್ಮಜ್ಜ ಇದನ್ನು ಕಟ್ಟೆ ಮೇಲೆ ಕೂತು ಹೇಳುತ್ತಿದ್ದ ರೀತಿಯೇ ಬೇರೆ. "ಕಾಲುವ್ಯಾಗ ನೀರು ಬರೂಕಿಂತ ಮೊದ್ಲ ಮನಿಗೆ ನೋಟೀಸು ಬಂತು ನೋಡಪಾ ತಮ್ಮಾ. ಹೊಲದ ಕಿಮ್ಮತ್ತು ಏರೇತಿ ಅಂತ. ಏರಿರಬೌದಪಾ, ಇಲ್ಲನ್ನಂಗಿಲ್ಲ. ಆದ್ರ ರೊಕ್ಕ ಎಲ್ಲೈತಿ? ಹೊಲ ಮಾರಿದ್ರ ರೊಕ್ಕ. ಮಾರಿ ಎಲ್ಲಿ ಹೋಗೂದು?"

ಅಜ್ಜನ ಈ ಮಾತಿನಲ್ಲಿ ಒಂದು ಇಡೀ ಅರ್ಥಶಾಸ್ತ್ರದ ಪಾಠ ಇದೆ ಅಂತ ನನಗೆ ಹೊಳೆದದ್ದು ಬಹಳ ತಡವಾಗಿ. ಬೆಲೆ ಏರುವುದು ಕಾಗದದ ಮೇಲೆ. ಲೆವಿ ಕೇಳುವುದು ನಗದಿನಲ್ಲಿ. ನಡುವೆ ಇರುವ ರೈತನ ಕೈಯಲ್ಲಿ ಆ ವರ್ಷ ಇರುವುದು ಬೆಳೆದ ಫಸಲು ಮಾತ್ರ, ಅದಕ್ಕೆ ಬೆಲೆ ಸಿಕ್ಕರೆ. ಆ ಹೊತ್ತಿಗೆ ಹತ್ತಿ ಬೆಲೆ ಬಿದ್ದಿತ್ತು. ಕೆಲವು ಹೊಲಗಳಿಗೆ ನೀರು ಮುಟ್ಟಿರಲೇ ಇಲ್ಲ. ಎರಿ ಮಣ್ಣು ನೀರು ಕುಡಿದರೆ ಬಿಡುವುದಿಲ್ಲ, ಹಾಗಾಗಿ ಇನ್ನು ಕೆಲವು ಕಡೆ ನೀರು ನಿಂತು ಹೊಲವೇ ಕೆಟ್ಟಿತ್ತು. ಲೆವಿಯ ಲೆಕ್ಕ ಹಾಕಿದವರ ಹಾಳೆಯಲ್ಲಿ ಇವೆಲ್ಲ ಒಂದೇ ಬಣ್ಣದ 'ನೀರಾವರಿ ಜಮೀನು'.

1980ರಲ್ಲಿ ರೈತರು ಸಮನ್ವಯ ಸಮಿತಿ ಮಾಡಿಕೊಂಡರು. ಆಗ ಮುಖ್ಯಮಂತ್ರಿ ಆರ್. ಗುಂಡೂರಾವ್. ಜುಲೈ 21ರಂದು ಬಂದ್. ನವಲಗುಂದದಲ್ಲೂ ನರಗುಂದದಲ್ಲೂ ಗೋಲಿಬಾರ್ ಆಗಿ ರೈತರು ಸತ್ತರು. ನರಗುಂದದಲ್ಲಿ ರೊಚ್ಚಿಗೆದ್ದ ಗುಂಪಿನ ಕೈಗೆ ಸಿಕ್ಕು ಪೊಲೀಸರೂ ಸತ್ತರು. ಆ ಬೆಂಕಿ ರಾಜ್ಯದ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಸರ್ಕಾರ ವಸೂಲಿಯಿಂದ ಹಿಂದೆ ಸರಿಯಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಸೋತು ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಈಗಲೂ ಜುಲೈ 21 ಬಂದರೆ ಎಲ್ಲ ಪಕ್ಷದವರೂ ಹಾರ ಹಿಡಿದುಕೊಂಡು ವೀರಗಲ್ಲಿನ ಮುಂದೆ ಸಾಲು ನಿಲ್ಲುತ್ತಾರೆ. ಯಾರು ಯಾವ ಕಾರಣಕ್ಕೆ ಸತ್ತರು ಅಂತ ಆ ಸಾಲಿನಲ್ಲಿ ನಿಂತ ಎಷ್ಟು ಜನಕ್ಕೆ ನೆನಪಿದೆಯೋ.

ಹುಬ್ಬಳ್ಳಿಯಲ್ಲಿ ಬಿಇ ಮುಗಿಸಿ ನಾನು ಬೆಂಗಳೂರಿಗೆ ಬಂದು ಮೊದಲು ಇದ್ದದ್ದು ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ. ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಅಂತ ಗೊತ್ತಾಗಲು ಎರಡು ವರ್ಷ ಬೇಕಾಯ್ತು. ಮೂರು ಊರುಗಳ ಹೆಸರನ್ನು ಮೂರು ಅಕ್ಷರಕ್ಕೆ ಇಳಿಸಿದ ಈ ಊರಿನಲ್ಲಿ ಲೆವಿಯ ಕತೆ ಏನಾಯ್ತು ಅಂತ ಹುಡುಕತೊಡಗಿದ್ದು ಬಾಡಿಗೆ ಏರಿದ ಮೇಲೆ. ಸಿಕ್ಕಿದ್ದು ತಮಾಷೆಯಾಗಿದೆ. ಅದೇ ಕಲ್ಪನೆ ಇಲ್ಲೂ ಇತ್ತು, ಕಾಯ್ದೆಯಲ್ಲೂ ಇತ್ತು. ಯಾರೂ ಗುಂಡು ಹಾರಿಸುವ ಅಗತ್ಯ ಬೀಳಲಿಲ್ಲ ಅಷ್ಟೇ.

ಬೆಂಗಳೂರಿನ ದಕ್ಷಿಣ ದಿಕ್ಕು ಬೆಳೆದದ್ದು ಲೇಔಟುಗಳ ಮೂಲಕ. 1892ರಲ್ಲಿ ಚಾಮರಾಜಪೇಟೆ. 1898ರ ಪ್ಲೇಗಿನಲ್ಲಿ ಹಳೇ ಪೇಟೆಯ ಇಕ್ಕಟ್ಟು ಜೀವ ತೆಗೆದಾಗ ಗಾಳಿ ಬೆಳಕಿನ ಬಡಾವಣೆ ಬೇಕೆಂದು ಬಸವನಗುಡಿ, ಆ ಕಡೆ ಮಲ್ಲೇಶ್ವರ. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಅದೇ ಸಿಐಟಿಬಿ. ಮೈಸೂರಿನಲ್ಲಿ ಇಂಥದ್ದು 1903ರಲ್ಲೇ ಆಗಿತ್ತು. 1948ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಾಜಿ ಬಂದು ಜಯನಗರಕ್ಕೆ ಅಡಿಗಲ್ಲು ಹಾಕಿದರು. ಲಾಲ್‌ಬಾಗಿನ ಆಚೆ ಇರುವ ಅಶೋಕ ಪಿಲ್ಲರ್ ಆ ಕಾಲದ ಗುರುತು. ಕನಕನಪಾಳ್ಯ, ಸಿದ್ದಾಪುರ, ಬೈರಸಂದ್ರ, ಯಡಿಯೂರು, ಮಾರೇನಹಳ್ಳಿ ಇವೆಲ್ಲ ಆಗ ಊರುಗಳು. ಈಗ ಬಸ್ ಸ್ಟಾಪು, ರಸ್ತೆ, ಕೆರೆಯ ಹೆಸರುಗಳು.

ಸಿಐಟಿಬಿ ಲೆಕ್ಕ ಹೇಗಿತ್ತು ನೋಡಿ. ಹೊಲವನ್ನು ಎಕರೆ ಲೆಕ್ಕದಲ್ಲಿ ಸ್ವಾಧೀನ ಮಾಡಿಕೊಳ್ಳುವುದು, ರಸ್ತೆ, ಪಾರ್ಕು, ಸ್ಕೂಲಿಗೆ ಜಾಗ ಬಿಡುವುದು, ಉಳಿದದ್ದನ್ನು ಅಡಿ ಲೆಕ್ಕದಲ್ಲಿ ಸೈಟು ಮಾಡಿ ಹಂಚುವುದು. ಸ್ವಾಧೀನಕ್ಕೆ ಆಧಾರ 1894ರ ಭೂಸ್ವಾಧೀನ ಕಾಯ್ದೆ. ಅದರ 24ನೇ ಸೆಕ್ಷನ್ ಓದಿದಾಗ ನಾನು ಎರಡು ಸಲ ಓದಿದೆ. ಪರಿಹಾರ ನಿಗದಿ ಮಾಡುವಾಗ ಏನೇನನ್ನು ಗಣನೆಗೆ ತೆಗೆದುಕೊಳ್ಳಬಾರದು ಅಂತ ಪಟ್ಟಿ ಅದು. ಆ ಪಟ್ಟಿಯಲ್ಲಿ ಒಂದು: ಸ್ವಾಧೀನವಾದ ಮೇಲೆ ಆ ನೆಲವನ್ನು ಯಾವುದಕ್ಕೆ ಬಳಸುತ್ತಾರೋ ಅದರಿಂದ ಏರಬಹುದಾದ ಬೆಲೆ. ಅಂದರೆ ಮಾರೇನಹಳ್ಳಿಯ ರೈತನಿಗೆ ಹೊಲದ ಬೆಲೆ ಕೊಡಬೇಕು, ಜಯನಗರದ ಬೆಲೆ ಕೊಡಕೂಡದು. ಬ್ರಿಟಿಷರ ಕಾಲದ ಈ ಕಾಯ್ದೆ 2013ರ ಹೊಸ ಕಾಯ್ದೆ ಬರುವವರೆಗೂ ಬದುಕಿತ್ತು.

ಇದು ಅನ್ಯಾಯ ಅಂತ ಒಂದೇ ಏಟಿಗೆ ಹೇಳಲಾರೆ. ಬಡಾವಣೆಯಿಂದ ಏರಿದ ಬೆಲೆ ಬಡಾವಣೆ ಮಾಡಿದವರಿಗೆ, ಅಂದರೆ ಊರಿಗೆ, ಸೇರಬೇಕು ಎಂಬ ವಾದದಲ್ಲಿ ಹುರುಳಿದೆ. ಟಿಫ್ ಹೇಳುವುದೂ ಅದನ್ನೇ. ಆದರೆ ಊರಿಗೆ ಸೇರಿತೇ? ಸೈಟುಗಳನ್ನು ಸಿಐಟಿಬಿ ಮಾರುಕಟ್ಟೆ ದರಕ್ಕೆ ಮಾರಲಿಲ್ಲ. ಅರ್ಜಿ ಹಾಕಿದ ಸರ್ಕಾರಿ ನೌಕರ, ಮೇಷ್ಟ್ರು, ಗುಮಾಸ್ತರಿಗೆ ಕೈಗೆಟುಕುವ ಬೆಲೆಗೆ ಹಂಚಿತು. ಒಳ್ಳೆಯ ಉದ್ದೇಶವೇ. ನಮ್ಮ ಓನರ್ ತಂದೆಗೆ ಸಿಕ್ಕಿದ್ದು ಹಾಗೇ. ಮೂಲೆ ಸೈಟು, ಅಂಗಡಿ ಸೈಟುಗಳನ್ನು ಮಾತ್ರ ಹರಾಜಿಗಿಡುವ ಪದ್ಧತಿ ಬೆಳೆಯಿತು. ಸಿಐಟಿಬಿ ಹೋಗಿ 1976ರಲ್ಲಿ ಬಿಡಿಎ ಆದಮೇಲೂ ಆ ಹರಾಜು ನಡೆದುಕೊಂಡು ಬಂದಿದೆ. ಏರಿದ ಬೆಲೆಯಲ್ಲಿ ಊರಿನ ಬೊಕ್ಕಸಕ್ಕೆ ನೇರವಾಗಿ ಬಂದದ್ದು ಬಹುಮಟ್ಟಿಗೆ ಆ ಮೂಲೆಗಳಿಂದ. ಉಳಿದ ಏರಿಕೆ ರೈತನ ಕೈಯಿಂದ ಕಾಯ್ದೆಪ್ರಕಾರ ಹೊರಟು, ಹಂಚಿಕೆ ಪತ್ರ ಹಿಡಿದವರ ಮನೆ ಸೇರಿತು. ಐವತ್ತು ಅರವತ್ತು ವರ್ಷದಲ್ಲಿ ಅದು ಕೋಟಿಗಟ್ಟಲೆ ಆಯ್ತು. ಅವರು ಯಾರೂ ಕದಿಯಲಿಲ್ಲ, ಸುಮ್ಮನೆ ಮನೆ ಕಟ್ಟಿಕೊಂಡು ಇದ್ದರು.

ಇನ್ನು ಲೆವಿ. 1976ರ ಬಿಡಿಎ ಕಾಯ್ದೆಯ 20ನೇ ಸೆಕ್ಷನ್ ಬೆಟರ್ಮೆಂಟ್ ತೆರಿಗೆಯದ್ದು. ಬಡಾವಣೆ ಯೋಜನೆಯೊಳಗೆ ಇದ್ದೂ ಸ್ವಾಧೀನವಾಗದೆ ಉಳಿದ ನೆಲದ ಬೆಲೆ ಯೋಜನೆಯಿಂದ ಏರಿದರೆ, ಏರಿದ್ದರಲ್ಲಿ ಮೂರನೇ ಒಂದು ಪಾಲು ಪ್ರಾಧಿಕಾರಕ್ಕೆ. ಮೊದಲು ಎಷ್ಟಿತ್ತು, ಈಗ ಎಷ್ಟಾಗಿದೆ, ಎರಡನ್ನೂ ಕಟ್ಟಡ ಬಿಟ್ಟು ಬರೀ ನೆಲಕ್ಕೆ ಅಂದಾಜು ಮಾಡಬೇಕು. ಓದಲು ಎಷ್ಟು ಚೆಂದ! ನವಲಗುಂದದ ಲೆವಿಯ ಸ್ವಂತ ತಮ್ಮ ಇದು. ಆದರೆ ಜಯನಗರ, ಬನಶಂಕರಿಯ ಯಾವುದಾದರೂ ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳಿ ನೋಡಿ. ಬೆಟರ್ಮೆಂಟ್ ಅಂದರೆ ಅವರಿಗೆ ನೆನಪಾಗುವುದು ಬೇರೆ: ಖಾತೆ ಮಾಡಿಸಲು ಕಟ್ಟುವ ಬೆಟರ್ಮೆಂಟ್ ಚಾರ್ಜು. ರೆವಿನ್ಯೂ ಸೈಟು ಕೊಂಡವರು, ಸಾರಕ್ಕಿ, ಪುಟ್ಟೇನಹಳ್ಳಿ ಅಂಥ ಊರುಗಳ ಅಂಚಿನಲ್ಲಿ ಮನೆ ಕಟ್ಟಿಕೊಂಡವರು ಪಾಲಿಕೆಗೆ ಚದರ ಮೀಟರಿನ ಲೆಕ್ಕದಲ್ಲಿ ಅದನ್ನು ಕಟ್ಟಿ ರಸೀದಿ ಪಡೆದು, ಖಾತೆಗಾಗಿ ಅಲೆದವರು. ಬೆಲೆ ಎಷ್ಟು ಏರಿತು ಎಂಬ ಪ್ರಶ್ನೆ ಅದರಲ್ಲಿ ಇಲ್ಲವೇ ಇಲ್ಲ. ಏರಿಕೆಯ ಪಾಲಾಗಬೇಕಿದ್ದದ್ದು ಸಕ್ರಮದ ಶುಲ್ಕವಾಗಿ ಇಳಿಯಿತು. ಅದೂ ಬಿದ್ದದ್ದು ಲೇಔಟಿನ ನಡುವಿನವರ ಮೇಲಲ್ಲ, ಅಂಚಿನವರ ಮೇಲೆ.

ಸರಿ, ಒಂದೇ ಸಲ ಕೇಳುವ ಲೆವಿ ಬೇಡ. ಟಿಫ್ ಹಾಗೆ ವರ್ಷ ವರ್ಷದ ತೆರಿಗೆಯಲ್ಲೇ ಏರಿಕೆ ಹಿಡಿಯೋಣ ಅಂದರೆ? ಅಜ್ಜನ ತಕರಾರಿಗೆ ಅದರಲ್ಲಿ ಉತ್ತರ ಇದೆ. ನೀರು ಬಂದ ಮೇಲೆ, ಫಸಲು ಬಂದ ಮೇಲೆ, ಬಂದಷ್ಟರಲ್ಲಿ ಸ್ವಲ್ಪ. ಆದರೆ ಅದಕ್ಕೆ ಆಸ್ತಿ ತೆರಿಗೆ ನೆಲದ ಬೆಲೆಯ ಜೊತೆ ಏರಿ ಇಳಿಯಬೇಕು. ನಮ್ಮದು ಹಾಗಿಲ್ಲ.

2000ಕ್ಕೆ ಮೊದಲು ಕಂದಾಯದ ಇನ್‌ಸ್ಪೆಕ್ಟರ್ ಬಂದು ಮನೆ ನೋಡಿ, ಬಾಡಿಗೆ ಎಷ್ಟು ಬರಬಹುದು ಅಂತ ಅಂದಾಜು ಹಾಕಿ ತೆರಿಗೆ ನಿಗದಿ ಮಾಡುತ್ತಿದ್ದ. ಅದರಲ್ಲಿ ನಡೆಯುತ್ತಿದ್ದ ಮಾತುಕತೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಎಸ್.ಎಂ. ಕೃಷ್ಣ ಸರ್ಕಾರದ ಕಾಲದಲ್ಲಿ, 2000ದಲ್ಲಿ, ಸ್ವಯಂ ಘೋಷಣೆ ಬಂತು. ನಿಮ್ಮ ತೆರಿಗೆಯನ್ನು ನೀವೇ ಲೆಕ್ಕ ಹಾಕಿ ಕಟ್ಟಿ. ಜನ ಕಟ್ಟಿದರು. 2008ರಲ್ಲಿ ಬಿಬಿಎಂಪಿ ಇದನ್ನು ಯೂನಿಟ್ ಏರಿಯಾ ಪದ್ಧತಿಗೆ ಬದಲಾಯಿಸಿತು. ಮಾರ್ಗಸೂಚಿ ಬೆಲೆ ನೋಡಿಕೊಂಡು ಊರನ್ನು ಎ ಇಂದ ಎಫ್ ತನಕ ವಲಯ ಮಾಡಿದರು. ಪ್ರತಿ ವಲಯಕ್ಕೆ ಚದರಡಿಗೆ ಇಷ್ಟು ಅಂತ ದರ. ಸ್ವಂತ ವಾಸಕ್ಕೆ ಒಂದಾದರೆ ಬಾಡಿಗೆ ಮನೆಗೆ ಎರಡರಷ್ಟು. ಅದರಿಂದ ಸವಕಳಿ ಕಳೆಯುವುದು. ಸರಳ, ಪಾರದರ್ಶಕ, ಲಂಚಕ್ಕೆ ಜಾಗ ಕಡಿಮೆ. ಸಾಫ್ಟ್‌ವೇರಿನವನಾಗಿ ನನಗೆ ಆ ಫಾರ್ಮುಲಾ ಇಷ್ಟ. ಆದರೆ ಅದರೊಳಗೆ ಏನಿದೆ ನೋಡಿ. ತೆರಿಗೆ ಬೀಳುವುದು ಕಟ್ಟಡದ ಅಡಿಗೆ. ವಲಯದ ದರವನ್ನು ಯಾರಾದರೂ ಕೈಯಾರೆ ಬದಲಿಸುವವರೆಗೆ ಅದು ಅಲ್ಲೇ ನಿಂತಿರುತ್ತದೆ. 2008ರ ದರವನ್ನು ಬದಲಿಸಿದ್ದು 2016ರಲ್ಲಿ, ಮನೆಗಳಿಗೆ ಶೇ. 20, ವಾಣಿಜ್ಯ ಕಟ್ಟಡಗಳಿಗೆ ಶೇ. 25 ಏರಿಸಿ. ಕಟ್ಟಡಕ್ಕೆ ವಯಸ್ಸಾದಂತೆ ಕಡಿತ ಹೆಚ್ಚು.

ಈಗ ಸೌತ್ ಎಂಡ್ ಸರ್ಕಲ್ಲಿನ ಪಕ್ಕದ ಒಂದು ಹಳೇ ಹೆಂಚಿನ ಮನೆ ಊಹಿಸಿಕೊಳ್ಳಿ. ಮುಂದೆ ಮಾವಿನ ಮರ, ಗೇಟಿನ ಮೇಲೆ ಮಲ್ಲಿಗೆ ಬಳ್ಳಿ. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ಬಂತು. ಸೈಟಿನ ಬೆಲೆ ಮೇಲೆ ಹೋಯಿತು. ಕಟ್ಟಡಕ್ಕೆ ಮಾತ್ರ ವಯಸ್ಸಾಯ್ತು. ನೆಲ ಏರುತ್ತಿದೆ, ತೆರಿಗೆಯ ಲೆಕ್ಕದಲ್ಲಿ ಮನೆ ಸವೆಯುತ್ತಿದೆ. ಇಲ್ಲಿ ಟಿಫ್ ಡಬ್ಬಿ ಇಟ್ಟರೆ ಅದರೊಳಗೆ ಬೀಳುವುದು ಏನು? ಆ ಮನೆಯನ್ನು ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದರೆ ಮಾತ್ರ ಅಡಿ ಹೆಚ್ಚಿ ತೆರಿಗೆ ಹೆಚ್ಚುತ್ತದೆ. ಅಂದರೆ ಡಬ್ಬಿ ತುಂಬಬೇಕಾದರೆ ಮಾವಿನ ಮರ ಬೀಳಬೇಕು.

ಹಾಗಾದರೆ ಏರಿದ ಬೆಲೆ ಸರ್ಕಾರದ ಕಣ್ಣಿಗೆ ಬೀಳುವುದೇ ಇಲ್ಲವೇ? ಬೀಳುತ್ತದೆ, ಮಾರುವ ದಿನ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾರ್ಗಸೂಚಿ ಬೆಲೆಯ ಮೇಲೆ ಮುದ್ರಾಂಕ ಶುಲ್ಕ ಇದೆಯಲ್ಲ. ಅದು ಬಹುಪಾಲು ರಾಜ್ಯದ ಬೊಕ್ಕಸಕ್ಕೆ. ಮಾರದೆ ಮಕ್ಕಳಿಗೆ ಬಿಟ್ಟುಹೋದರೆ ಏರಿಕೆ ಅಲ್ಲೇ ಮಲಗಿರುತ್ತದೆ. ರಸ್ತೆ ಗುಂಡಿ ಮುಚ್ಚಬೇಕಾದದ್ದು ಪಾಲಿಕೆ, ಏರಿಕೆ ಎಣಿಸುವುದು ಇನ್ನೊಂದು ಇಲಾಖೆ. 2024ರ ಆರಂಭದಲ್ಲಿ ತೆರಿಗೆಯನ್ನು ನೇರ ಮಾರ್ಗಸೂಚಿ ಬೆಲೆಗೆ ಕಟ್ಟುವ ಒಂದು ಕರಡನ್ನು ಬಿಬಿಎಂಪಿ ಹೊರಡಿಸಿತ್ತು. ಅದು ಮುಂದಕ್ಕೆ ಹೋಯಿತು. ಓನರ್ ಆ ಪೇಪರ್ ಕಟಿಂಗನ್ನೂ ಫೈಲಿನಲ್ಲಿ ಇಟ್ಟಿದ್ದಾರೆ.

ಮೆಟ್ರೋದವರು ಬೇರೆ ದಾರಿ ಹಿಡಿದರು. 2014ರಲ್ಲಿ ಕೇಂದ್ರ ಒಪ್ಪಿದ ಎರಡನೇ ಹಂತದ ಅಂದಾಜು ವೆಚ್ಚ 26,405 ಕೋಟಿ. ಆಮೇಲೆ ಅದು ಏರುತ್ತಲೇ ಹೋಯಿತು. ಟಿಕೆಟ್ಟಿನಿಂದ ಇದು ಹುಟ್ಟುವ ದುಡ್ಡಲ್ಲ. 2017ರಲ್ಲಿ ಕೇಂದ್ರದ ನಗರಾಭಿವೃದ್ಧಿ ಸಚಿವಾಲಯವೇ ಏರಿದ ಬೆಲೆಯಲ್ಲಿ ಪಾಲು ಹಿಡಿಯಿರಿ ಅಂತ ಒಂದು ನೀತಿ ಚೌಕಟ್ಟು ಕೊಟ್ಟಿತು. ಅದೇ ವರ್ಷದ ಮೆಟ್ರೋ ನೀತಿಯೂ ಹಾಗೇ ಹೇಳಿತು. ನಮ್ಮಲ್ಲಿ ಅದಕ್ಕೆ ಮೊದಲೇ ಮಾಸ್ಟರ್ ಪ್ಲಾನಿನಲ್ಲಿ ಮೆಟ್ರೋ ನಿಲ್ದಾಣದ 150 ಮೀಟರ್ ಒಳಗೆ ಸೈಟಿನ ಅಳತೆಯ ನಾಲ್ಕು ಪಟ್ಟು ಕಟ್ಟಲು ಅವಕಾಶ ಕೊಟ್ಟಿದ್ದರು. ಹೆಚ್ಚು ಕಟ್ಟುವವರು ಹೆಚ್ಚು ಕೊಡಿ ಎಂಬ ಲೆಕ್ಕ. ನಗರ ಯೋಜನಾ ಕಾಯ್ದೆಯ 18ಎ ಸೆಕ್ಷನ್ನಿನ ಕೆಳಗೆ ಪ್ಲಾನ್ ಮಂಜೂರು ಮಾಡುವಾಗ ನೀರು, ರಿಂಗ್ ರೋಡು, ಕೊಳಗೇರಿ, ಮೆಟ್ರೋ ಹೆಸರಲ್ಲಿ ಸೆಸ್ಸು, ಸರ್‌ಚಾರ್ಜು. ಹಳದಿ ಮಾರ್ಗದಲ್ಲಿ ಇನ್ನೊಂದು ಉಪಾಯವೂ ನಡೆಯಿತು. ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಶನ್ 100 ಕೋಟಿ, ಹೆಬ್ಬಗೋಡಿಯದಕ್ಕೆ ಬಯೋಕಾನ್ ಫೌಂಡೇಶನ್ 65 ಕೋಟಿ ಕೊಡುವುದಾಗಿ ಒಪ್ಪಂದ ಮಾಡಿಕೊಂಡವು.

ದಾನವೂ ಒಳ್ಳೆಯದೇ. ಆದರೆ ಈ ಎಲ್ಲ ದಾರಿಗಳಲ್ಲೂ ಒಂದು ಸಂಗತಿ ಇದೆ. ಹೊಸದಾಗಿ ಕಟ್ಟುವವನು ಕೊಡುತ್ತಾನೆ, ಫ್ಲಾಟ್ ಕೊಳ್ಳುವವನ ಬೆಲೆಯಲ್ಲಿ ಅದು ಸೇರುತ್ತದೆ. ದೊಡ್ಡ ಕಂಪನಿ ಕೊಡುತ್ತದೆ, ಗೋಡೆಯ ಮೇಲೆ ಹೆಸರು ಬರುತ್ತದೆ. ಟಿಕೆಟ್ ಕೊಂಡು ನಾನು ಕೊಡುತ್ತೇನೆ, ಬಾಡಿಗೆಯಲ್ಲೂ ಕೊಡುತ್ತೇನೆ. ನಿಲ್ದಾಣದ ಪಕ್ಕದಲ್ಲಿ ಏನೂ ಮಾಡದೆ ಕೂತ ಹಳೇ ಸೈಟಿಗೆ ಮಾತ್ರ ಯಾವ ನೋಟೀಸೂ ಹೋಗುವುದಿಲ್ಲ. ನರಗುಂದದಲ್ಲಿ ಹೊಲದ ರೈತನಿಗೆ ನೋಟೀಸು ಹೋದಷ್ಟು ಸುಲಭವಾಗಿ ಜಯನಗರದ ಸೈಟಿಗೆ ಹೋಗಲಿಲ್ಲ ಎನ್ನುವುದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸ್ವಲ್ಪ ಇದೆ, ಇರಲಿ.

ಟಿಫ್ ತಂದುಬಿಟ್ಟರೆ ಎಲ್ಲ ಸರಿಹೋಗುತ್ತೆ ಅಂತಲೂ ನಂಬಲಾರೆ. ಶಿಕಾಗೋದಲ್ಲಿ 1984ರಲ್ಲಿ ಮೊದಲ ಟಿಫ್ ಗೆರೆ ಎಳೆದದ್ದೇ ನಗರದ ನಡುವಿನ ಲೂಪ್ ಪೇಟೆಗೆ. ಬಡ ಬೀದಿಗಳಿಗೆಂದು ಹುಟ್ಟಿದ ಉಪಾಯ ಬೆಲೆ ಏರುವ ಕಡೆಗೇ ಹೋಗಿ ನಿಂತಿತು. ಅದು ಸಹಜ, ಏರಿಕೆ ಇದ್ದಲ್ಲೇ ಡಬ್ಬಿ ತುಂಬುವುದು. ಇನ್ನೊಂದು ತೊಂದರೆ, ಅಲ್ಲಿ ಶಾಲೆಗಳೂ ನಡೆಯುವುದು ಆಸ್ತಿ ತೆರಿಗೆಯ ಮೇಲೆ. ಏರಿಕೆ ಬೇರೆ ಡಬ್ಬಿಗೆ ಹೋದರೆ ಶಾಲೆಗೆ ಹಳೇ ಒಂದು ಕೋಟಿಯೇ ಗತಿ. ಕ್ಯಾಲಿಫೋರ್ನಿಯಾ ಅರವತ್ತು ವರ್ಷ ನಡೆಸಿ, ಸಾಕಪ್ಪ ಸಾಕು ಅಂತ 2012ರಲ್ಲಿ ತನ್ನ ಮರುಅಭಿವೃದ್ಧಿ ಏಜೆನ್ಸಿಗಳಿಗೇ ಬೀಗ ಹಾಕಿತು. ನಮ್ಮಲ್ಲಿ ಜಯನಗರದ ಏರಿಕೆ ಜಯನಗರಕ್ಕೇ ಅಂತ ಗೆರೆ ಎಳೆದರೆ ಏನಾಗುತ್ತದೆ? ಈಗಾಗಲೇ ಪಾರ್ಕು, ಅಗಲ ರಸ್ತೆ ಇರುವ ಕಡೆ ಮೂರನೇ ಸಲ ಟೈಲ್ಸ್ ಕೂರುತ್ತವೆ. ಮಳೆ ಬಂದರೆ ನೀರು ನುಗ್ಗುವ ಬಡಾವಣೆಗಳು ಗೆರೆಯ ಆಚೆ ಉಳಿಯುತ್ತವೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯ್ತಲ್ಲ, ಯಾರ ತೆರಿಗೆ ಯಾರಿಗೆ ಎಂಬ ಪ್ರಶ್ನೆ ಇನ್ನು ಮೇಲೆ ಇನ್ನೂ ಹತ್ತಿರ ಬರುತ್ತದೆ.

ಊರಿನದೇ ಜಾಗ ಇರುವ ಕಡೆ ಈ ತಂಟೆ ಕಡಿಮೆ. ಜಯನಗರ 4ನೇ ಬ್ಲಾಕ್, ಬನಶಂಕರಿ ಬಸ್ ನಿಲ್ದಾಣಗಳ ಮೇಲೆ ಬಿಎಂಟಿಸಿ ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟಿದೆ. ಬೆಲೆ ಏರಿದರೆ ಬಾಡಿಗೆ ಏರಿಸಬಹುದು, ಯಾರ ಮನೆಗೂ ನೋಟೀಸು ಕಳಿಸಬೇಕಿಲ್ಲ. ಅಲ್ಲೇ ಪಕ್ಕದ ಹಳೇ ಶಾಪಿಂಗ್ ಕಾಂಪ್ಲೆಕ್ಸೂ ಊರಿನದೇ. ಅದರೊಳಗಿದ್ದ ಪುಟ್ಟಣ್ಣ ಥಿಯೇಟರ್ ಹೋಯಿತು. ಕಾಂಪ್ಲೆಕ್ಸಿನ ಹೊಸ ಕಟ್ಟಡದ ಕೆಲಸ ವರ್ಷಗಟ್ಟಲೆ ಎಳೆಯಿತು. ಏರಿಕೆ ಹಿಡಿಯಲು ಕಾಯ್ದೆ ಬೇಕಿಲ್ಲದ ಕಡೆಯೂ ಹಿಡಿಯಲಾಗದಿದ್ದರೆ ಏನು ಹೇಳುವುದು.

ಅಗ್ರಿಮೆಂಟ್ ಬರೆಸುವ ಹಿಂದಿನ ದಿನ ಓನರ್ ಮುಂದೆ ಈ ಕತೆಯನ್ನೆಲ್ಲ ಬಿಚ್ಚಿಟ್ಟೆ. ನವಲಗುಂದದ ಗೋಲಿಬಾರ್ ಅವರಿಗೆ ಚೆನ್ನಾಗಿ ನೆನಪಿತ್ತು. ಆಗಿನ್ನೂ ಕೆಲಸಕ್ಕೆ ಸೇರಿ ಕೆಲವು ವರ್ಷವಂತೆ. "ಪಾಪ, ರೈತರಿಗೆ ಹಾಗೆ ಮಾಡಬಾರದಿತ್ತು" ಅಂದರು. ನಾನು ಕೇಳಿದೆ, "ಸಾರ್, ಈಗ ನಿಮಗೂ ಒಂದು ನೋಟೀಸು ಬರುತ್ತೆ ಅನ್ಕೊಳ್ಳಿ. ಮೆಟ್ರೋದಿಂದ ನಿಮ್ಮ ಸೈಟಿನ ಬೆಲೆ ಏರಿದೆ, ಮೂರನೇ ಒಂದು ಪಾಲು ಕಟ್ಟಿ ಅಂತ."

"ಎಲ್ರೀ ಬಂತು ದುಡ್ಡು? ಮಾರಿದ್ರೆ ತಾನೆ ದುಡ್ಡು? ಮಾರಿ ನಾನೆಲ್ಲಿಗೆ ಹೋಗ್ಲಿ?"

ಸ್ವಲ್ಪ ಹೊತ್ತು ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಇನ್ನೊಂದು ತರಹ ಕೇಳಿದೆ. ಒಂದೇ ಸಲ ಬೇಡ. ಏಪ್ರಿಲ್‌ನ ಟ್ಯಾಕ್ಸಿನಲ್ಲೇ ವರ್ಷಕ್ಕಿಷ್ಟು ಹೆಚ್ಚು ತಗೊಂಡು, ಬೇರೆ ಡಬ್ಬಿಯಲ್ಲಿಟ್ಟು, ಮೆಟ್ರೋ ಸಾಲಕ್ಕೂ ಈ ರಸ್ತೆಗೂ ಹಾಕ್ತೀವಿ ಅಂದ್ರೆ? ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬ್ಯಾಂಕಿನವರು ಯೋಚನೆ ಮಾಡುವುದೇ ಹಾಗೆ.

"ಡಬ್ಬಿಯ ಪಾಸ್‌ಬುಕ್ ತೋರಿಸ್ತಾರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾತು ಬಾಡಿಗೆಗೆ ಬಂತು. 27 ಇದ್ದದ್ದು 25ಕ್ಕೆ ಇಳಿಯಿತು. ಮುಂದಿನ ವರ್ಷ ಶೇ. 5 ಏರಿಸುವ ಷರತ್ತು ಹಾಕಿಕೊಂಡರು. ಇ-ಸ್ಟಾಂಪ್ ಪೇಪರ್ ತರುವ ಕೆಲಸವೂ ನನಗೇ ಬಿತ್ತು.